ಕೋಚ್ ಮಗಳಿಗೆ 3 ಕೆಜಿ ಇಳಿಸು ಅಂದಿದ್ದಾರೆ. ಇಳಿಸಬೇಕಾ?

ಓಡುವ ಹುಡುಗಿಯ ಅಮ್ಮ

ನನ್ನ ಮಗಳಿಗೆ 15 ವರ್ಷ. 1500 ಮತ್ತು 3000 ಮೀಟರ್ ಓಡುತ್ತಾಳೆ. ಎತ್ತರ 160 ಸೆಂ.ಮೀ., ತೂಕ 49 ಕೆಜಿ. ಸ್ಪರ್ಧೆಗಳು ಶುರುವಾಗುವ ಮೊದಲು 3 ಕೆಜಿ ಇಳಿಸಿದರೆ ಟೈಮಿಂಗ್ ತಾನಾಗಿ ಸುಧಾರಿಸುತ್ತದೆ ಎಂದು ಕೋಚ್ ಹೇಳಿದ್ದಾರೆ. ಅದೂ ಎಲ್ಲ ಮಕ್ಕಳ ಮುಂದೆ.

ಆವತ್ತಿನಿಂದ ರಾತ್ರಿ ಅನ್ನ ಮುಟ್ಟುತ್ತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ತೂಕದ ಮಷಿನ್ ಮೇಲೆ ನಿಲ್ಲುತ್ತಾಳೆ, ಮಲಗುವ ಮುಂಚೆ ಮತ್ತೆ. "ಹೊಟ್ಟೆ ತುಂಬಿದೆ ಅಮ್ಮಾ" ಅನ್ನುತ್ತಾಳೆ, ತಟ್ಟೆಯಲ್ಲಿ ಅರ್ಧ ಹಾಗೇ ಉಳಿದಿರುತ್ತದೆ. ತೂಕ ಸ್ವಲ್ಪ ಇಳಿದಿದೆ. ಮೊದಮೊದಲು ಚೆನ್ನಾಗಿಯೇ ಓಡಿದಳು. ಈಗ ಕೊನೆಯ ಸುತ್ತಿನಲ್ಲಿ ಹಿಂದೆ ಬೀಳುತ್ತಿದ್ದಾಳೆ.

ನನಗೆ ಓಟದ ಬಗ್ಗೆ ಏನೂ ಗೊತ್ತಿಲ್ಲ. ಕೋಚ್ ಮಾತು ಮೀರುವುದಕ್ಕೂ ಭಯ, ನೋಡಿಕೊಂಡು ಸುಮ್ನೆ ಇರುವುದಕ್ಕೂ ಆಗುತ್ತಿಲ್ಲ. ಈ ವಯಸ್ಸಿನ ಮಕ್ಕಳು ನಿಜವಾಗಲೂ ತೂಕ ಇಳಿಸಬೇಕಾ? ತಿಳಿದವರು ದಯವಿಟ್ಟು ಹೇಳಿ.

ಬರಿಗಾಲು

160ಕ್ಕೆ 49 ಕೆಜಿ ಅಂದರೆ ಜಾಸ್ತಿ ಅಲ್ಲವೇ ಅಲ್ಲ. ಯಾವ ಲೆಕ್ಕದಲ್ಲಿ 3 ಕೆಜಿ ಅಂದರಂತೆ?

ಕೊನೆಯ ಸುತ್ತು

ಎಲ್ಲರೂ ಕೋಚ್ ಮೇಲೆ ಬೀಳುವ ಮೊದಲು ಒಂದು ಮಾತು. ದೂರದ ಓಟದಲ್ಲಿ ಹಗುರ ಇದ್ದವರಿಗೆ ಲಾಭ ಇದೆ, ಇದು ಸುಳ್ಳಲ್ಲ. ಒಂದು ನಿಮಿಷಕ್ಕೆ ದೇಹ ಎಷ್ಟು ಆಮ್ಲಜನಕ ಬಳಸುತ್ತದೆ ಅನ್ನುವುದನ್ನು ಪ್ರತಿ ಕೆಜಿಗೆ ಲೆಕ್ಕ ಹಾಕುತ್ತಾರೆ. ಕೆಜಿ ಇಳಿದರೆ ಆ ಸಂಖ್ಯೆ ಏರುತ್ತದೆ. ದೊಡ್ಡ ಸ್ಪರ್ಧೆಗಳಲ್ಲಿ ಗೆಲ್ಲುವವರ ಮೈಕಟ್ಟು ನೋಡಿ. ಕೋಚ್ ಹೇಳಿದ ರೀತಿ ಸರಿ ಇಲ್ಲದಿರಬಹುದು, ಹೇಳಿದ ವಿಷಯ ಪೂರ್ತಿ ತಪ್ಪಲ್ಲ.

ತಟ್ಟೆ ತುಂಬ

ಅಮ್ಮನವರೇ, ನಾನು ಆಹಾರ ತಜ್ಞೆ. ಓಡುವ, ಈಜುವ ಮಕ್ಕಳ ಜೊತೆಯೇ ನನ್ನ ಕೆಲಸ. ಮೊದಲು ಒಂದು ಪ್ರಶ್ನೆ, ಇಲ್ಲಿ ಕೇಳಿದ್ದಕ್ಕೆ ಬೇಸರ ಬೇಡ. ಮಗಳಿಗೆ ಪೀರಿಯಡ್ಸ್ ಸರಿಯಾಗಿ ಆಗುತ್ತಿದೆಯಾ? ಮೊಣಕಾಲಿನ ಕೆಳಗೆ ಅಥವಾ ಪಾದದಲ್ಲಿ ಒಂದೇ ಜಾಗದಲ್ಲಿ ನೋವು ಇದೆಯಾ?

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ದೇಹಕ್ಕೆ ಸಿಗುವ ಕ್ಯಾಲೊರಿಯನ್ನು ತಿಂಗಳ ಸಂಬಳ ಅಂದುಕೊಳ್ಳಿ. ಓಟ ಅದರಲ್ಲಿ ತನ್ನ ಪಾಲನ್ನು ಮೊದಲು ಕಿತ್ತುಕೊಳ್ಳುತ್ತದೆ. ಉಳಿದಿದ್ದರಲ್ಲಿ ಹೃದಯ, ಮೆದುಳು, ಮೂಳೆ, ಹಾರ್ಮೋನು, ಬೆಳವಣಿಗೆ ಎಲ್ಲವೂ ನಡೆಯಬೇಕು. ಸಾಲದಿದ್ದಾಗ ದೇಹ ತುರ್ತಿಲ್ಲದ ಖರ್ಚುಗಳನ್ನು ನಿಲ್ಲಿಸುತ್ತದೆ. ಮುಟ್ಟು ನಿಲ್ಲುತ್ತದೆ, ಮೂಳೆ ಕಟ್ಟುವ ಕೆಲಸ ನಿಧಾನವಾಗುತ್ತದೆ, ಗಾಯ ಬೇಗ ಮಾಗುವುದಿಲ್ಲ, ಪದೇ ಪದೇ ಶೀತ, ಮುಖದಲ್ಲಿ ಸಿಡುಕು.

ಲೆಕ್ಕ ಬೇಕಿದ್ದವರಿಗೆ: ಓಟಕ್ಕೆ ಹೋದದ್ದನ್ನು ಕಳೆದ ಮೇಲೆ, ಕೊಬ್ಬು ಬಿಟ್ಟು ಉಳಿದ ದೇಹದ ಪ್ರತಿ ಕೆಜಿಗೆ ದಿನಕ್ಕೆ ಸುಮಾರು 45 ಕಿಲೊಕ್ಯಾಲೊರಿ ಉಳಿಯಬೇಕು. 30ಕ್ಕಿಂತ ಕೆಳಗೆ ಇಳಿದರೆ ಹಾರ್ಮೋನುಗಳು ಏರುಪೇರಾಗುವ ಸಾಧ್ಯತೆ ಜಾಸ್ತಿ. ಓಡಿದ ಪ್ರತಿ ಕಿಲೊಮೀಟರಿಗೆ ದೇಹದ ಒಂದು ಕೆಜಿಗೆ ಹೆಚ್ಚುಕಡಿಮೆ 1 ಕಿಲೊಕ್ಯಾಲೊರಿ ಖರ್ಚು. 49 ಕೆಜಿಯ ಹುಡುಗಿ 8 ಕಿ.ಮೀ. ಓಡಿದರೆ ಸುಮಾರು 390. ಕೊಬ್ಬು ಬಿಟ್ಟು 40 ಕೆಜಿ ಅಂದುಕೊಂಡರೆ, 1800ಕ್ಕೆ 390 ಸೇರಿಸಿ. ಹತ್ತಿರ ಹತ್ತಿರ 2200 ಬೇಕು. ಈ 45, 30ರ ಸಂಖ್ಯೆಗಳು ವಯಸ್ಕ ಹೆಂಗಸರ ಅಧ್ಯಯನದಿಂದ ಬಂದವು. ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ 2200 ಅನ್ನುವುದು ಕನಿಷ್ಠ ಅಂತಲೇ ಇಟ್ಟುಕೊಳ್ಳಿ. ರಾತ್ರಿ ಊಟ ಅರ್ಧ ಬಿಡುವ ಹುಡುಗಿ ಅಲ್ಲಿಗೆ ತಲುಪುವುದು ಕಷ್ಟ.

ಆದ್ದರಿಂದ ನನ್ನ ಉತ್ತರ: ಇಳಿಸಬಾರದು.

ಕೊನೆಯ ಸುತ್ತು

ತಜ್ಞರ ಮಾತಿಗೆ ಗೌರವ ಇದೆ. ಆದರೆ ಪ್ರತಿ ಕೆಜಿಯ ಲೆಕ್ಕಕ್ಕೆ ನೀವು ಉತ್ತರ ಕೊಡಲಿಲ್ಲ.

ತಟ್ಟೆ ತುಂಬ

ಕೊಡುತ್ತೇನೆ. ಕೆಜಿ ಇಳಿದು ಉಳಿದದ್ದೆಲ್ಲ ಹಾಗೇ ಇದ್ದರೆ ಮಾತ್ರ ನಿಮ್ಮ ಲೆಕ್ಕ ಸರಿ. ಊಟ ಬಿಟ್ಟು ಇಳಿಸಿದಾಗ ಹೋಗುವುದು ಕೊಬ್ಬು ಒಂದೇ ಅಲ್ಲ. ಮೊದಲ ದಿನಗಳಲ್ಲಿ ಹೋಗುವುದು ಜಾಸ್ತಿ ಗ್ಲೈಕೊಜನ್ (ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ) ಮತ್ತು ನೀರು. ಸ್ನಾಯುಗಳು ಒಂದು ಗ್ರಾಂ ಗ್ಲೈಕೊಜನ್ ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತವೆ. ಅದು ಖಾಲಿಯಾದರೆ ಮಷಿನ್ ಮುಳ್ಳು ಇಳಿಯುತ್ತದೆ, ಆದರೆ ಜೋರಾಗಿ ಓಡಲು ಬೇಕಾದದ್ದೇ ಅದು. ಆಮೇಲೆ ಸ್ನಾಯುವೂ ಕರಗುತ್ತದೆ. "ಮೊದಮೊದಲು ಚೆನ್ನಾಗಿ ಓಡಿದಳು, ಈಗ ಕೊನೆಯ ಸುತ್ತಿನಲ್ಲಿ ಹಿಂದೆ" ಎಂದು ಅಮ್ಮ ಬರೆದಿದ್ದಾರಲ್ಲ, ಇದನ್ನು ನಾನು ತುಂಬ ಮಕ್ಕಳಲ್ಲಿ ನೋಡಿದ್ದೇನೆ. ಆ ಮೊದಲಿನ ಸುಧಾರಣೆಯೇ ಎಲ್ಲರನ್ನೂ ನಂಬಿಸಿಬಿಡುತ್ತದೆ.

ಹಳೇ ಸ್ಪೈಕ್ಸ್

ಗೆಲ್ಲುವವರ ಮೈಕಟ್ಟು ನೋಡಿ ಅಂದಿರಿ. ಸೋತು ಮನೆಗೆ ಹೋದವರನ್ನು ಯಾರು ನೋಡುತ್ತಾರೆ?

ಮೇರಿ ಕೇನ್ ಕಥೆ ಗೊತ್ತಿರಬೇಕಲ್ಲ. 2013ರಲ್ಲಿ 17ನೇ ವಯಸ್ಸಿಗೇ ಮಾಸ್ಕೋ ವಿಶ್ವ ಚಾಂಪಿಯನ್‌ಶಿಪ್‌ನ 1500 ಮೀಟರ್ ಫೈನಲ್ ಓಡಿದ ಅಮೆರಿಕದ ಹುಡುಗಿ. ಆಮೇಲೆ ಹೆಸರಾಂತ ತರಬೇತಿ ತಂಡದಲ್ಲಿ ತೂಕ 114 ಪೌಂಡಿಗೆ, ಅಂದರೆ ಸುಮಾರು 52 ಕೆಜಿಗೆ, ಇಳಿಸಲು ಒತ್ತಡ ಹಾಕಿದರು, ಎಲ್ಲರ ಮುಂದೆ ತೂಕ ನೋಡಿದರು ಎಂದು 2019ರಲ್ಲಿ ಬಹಿರಂಗವಾಗಿ ಹೇಳಿಕೊಂಡಳು. ಮೂರು ವರ್ಷ ಮುಟ್ಟಾಗಲಿಲ್ಲ, ಐದು ಮೂಳೆ ಮುರಿದವು ಎಂದಳು. ಕೋಚ್ ಆ ಆರೋಪಗಳನ್ನು ಒಪ್ಪಲಿಲ್ಲ, ಅದು ಬೇರೆ ಮಾತು. ಅಷ್ಟು ಚಿಕ್ಕ ವಯಸ್ಸಿಗೆ ಅಷ್ಟು ವೇಗ ಇದ್ದ ಹುಡುಗಿಯ ಓಟ ಎಲ್ಲಿಗೆ ಮುಟ್ಟಬೇಕಿತ್ತು, ಎಲ್ಲಿ ನಿಂತಿತು ಯೋಚನೆ ಮಾಡಿ. ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಓಡುವ ಹುಡುಗಿಯ ಅಮ್ಮ

ತಟ್ಟೆ ತುಂಬ ಮೇಡಂ, ಇಲ್ಲಿ ಬರೆಯಲು ಸಂಕೋಚ ಆಗುತ್ತಿದೆ, ಆದರೂ ಬರೆಯುತ್ತೇನೆ. ಎರಡು ತಿಂಗಳಿಂದ ಆಗಿಲ್ಲ. ಓಡುವ ಹುಡುಗಿಯರಿಗೆ ಹಾಗೆಲ್ಲ ಆಗುತ್ತದೆ, ಚೆನ್ನಾಗಿ ಪ್ರಾಕ್ಟೀಸ್ ಮಾಡುತ್ತಿದ್ದಾಳೆ ಅಂತ ಅರ್ಥ ಎಂದು ಅವಳ ಜೊತೆಯ ಹುಡುಗಿಯೊಬ್ಬಳು ಹೇಳಿದಳಂತೆ. ಬಲಗಾಲಿನಲ್ಲಿ ಮೊಣಕಾಲಿನ ಕೆಳಗೆ ಮುಂದಿನ ಮೂಳೆ ಮುಟ್ಟಿದರೆ ನೋವು ಅನ್ನುತ್ತಾಳೆ.

ತಟ್ಟೆ ತುಂಬ

ಹಾಗಿದ್ದರೆ ಈ ವಾರವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಓಟ ಬೇಡ. ಬೆರಳಿನಿಂದ ಒತ್ತಿದರೆ ಒಂದೇ ಚುಕ್ಕೆಯಲ್ಲಿ ನೋಯುತ್ತದೆ ಅಂದರೆ ಸ್ಟ್ರೆಸ್ ಫ್ರ್ಯಾಕ್ಚರ್ (ಪದೇ ಪದೇ ಬೀಳುವ ಒತ್ತಡದಿಂದ ಮೂಳೆಯಲ್ಲಿ ಆಗುವ ಸಣ್ಣ ಬಿರುಕು) ಇದೆಯಾ ಎಂದು ನೋಡಲೇಬೇಕು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣಿಸದೆಯೂ ಇರಬಹುದು. ಎಕ್ಸ್‌ರೇ ಚೆನ್ನಾಗಿದೆ ಅಂದ ಮಾತ್ರಕ್ಕೆ ಓಡಿಸಬೇಡಿ, ನೋವು ಇದ್ದರೆ ಎಂಆರ್‌ಐ ಬೇಕಾ ಎಂದು ಕೇಳಿ.

ಮುಟ್ಟಿನ ವಿಷಯ. ಸಾಮಾನ್ಯವಾಗಿ ಮೂರು ತಿಂಗಳು ನಿಂತರೆ, ಅಥವಾ 15 ತುಂಬಿದರೂ ಶುರುವೇ ಆಗದಿದ್ದರೆ ತೋರಿಸಬೇಕು ಅನ್ನುತ್ತಾರೆ. ಇಲ್ಲಿ ಊಟ ಕಡಿಮೆ, ಮೂಳೆ ನೋವು ಎರಡೂ ಜೊತೆಗಿವೆ, ಮೂರನೇ ತಿಂಗಳು ಕಾಯಬೇಡಿ. ಮುಟ್ಟು ನಿಲ್ಲುವುದು ಒಳ್ಳೆಯ ಪ್ರಾಕ್ಟೀಸಿನ ಗುರುತು ಅಂತ ಯಾರೇ ಹೇಳಲಿ, ಅದು ಶುದ್ಧ ತಪ್ಪು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೆ ರೆಡ್-ಎಸ್ ಎಂದು ಹೆಸರಿಟ್ಟು, 2018 ಮತ್ತು 2023ರಲ್ಲಿ ಮತ್ತೆ ಪರಿಷ್ಕರಿಸಿದೆ. ಖರ್ಚಿಗೆ ತಕ್ಕ ಊಟ ಸಿಗದೆ ಕ್ರೀಡಾಪಟುವಿನ ಇಡೀ ದೇಹ ಹಿಂದೆ ಬೀಳುವ ಸ್ಥಿತಿ ಅದು.

ಬರಿಗಾಲು

ಮೂಳೆಗೆ ಈ ವಯಸ್ಸೇ ಮುಖ್ಯ. ದೊಡ್ಡವರಾದ ಮೇಲೆ ಇರುವ ಮೂಳೆಯ ಖನಿಜಾಂಶದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಜೋರಾಗಿ ಉದ್ದ ಬೆಳೆಯುವ ಎರಡು ವರ್ಷಗಳ ಸುತ್ತಮುತ್ತಲೇ ಸೇರುತ್ತದೆ. ಹುಡುಗಿಯರಿಗೆ ಸುಮಾರು 12, 13ಕ್ಕೆ, ಹುಡುಗರಿಗೆ 14ರ ಆಸುಪಾಸು. 20ರ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ. ಆಗ ಬಿಟ್ಟದ್ದನ್ನು ಆಮೇಲೆ ತುಂಬುವುದು ಕಷ್ಟ.

ವೇಗದ ಹುಡುಗ

ನಾನು 16, ಹುಡುಗ. 800 ಓಡ್ತೀನಿ. ಇದೆಲ್ಲ ಹುಡುಗಿಯರಿಗೆ ಮಾತ್ರನಾ? ನಾನು ಎರಡು ತಿಂಗಳಿಂದ ಸಕ್ಕರೆ, ಅನ್ನ, ಬ್ರೆಡ್ ಎಲ್ಲ ಬಿಟ್ಟಿದ್ದೀನಿ. ಹೊಟ್ಟೆ ಮೇಲೆ ಗೆರೆ ಕಾಣ್ತಿದೆ. ಆದ್ರೆ ಟೈಮಿಂಗ್ ಹಾಗೇ ಇದೆ, ನಿದ್ದೆ ಬರ್ತಿಲ್ಲ.

ಹಳೇ ಸ್ಪೈಕ್ಸ್

ತಮ್ಮಾ, ಹುಡುಗರಿಗೂ ಆಗುತ್ತದೆ. ನಿಮಗೆ ಮುಟ್ಟಿನಂಥ ಗುರುತು ಇಲ್ಲದ್ದರಿಂದ ತಡವಾಗಿ ಗೊತ್ತಾಗುತ್ತದೆ, ಅಷ್ಟೇ. ಟೆಸ್ಟೋಸ್ಟೆರಾನ್ ಇಳಿಯುತ್ತದೆ, ಮೂಳೆ ದುರ್ಬಲವಾಗುತ್ತದೆ, ನಿದ್ದೆ ಕೆಡುತ್ತದೆ, ಸದಾ ಚಳಿ. 800 ಓಡುವವನು ಅನ್ನ, ಬ್ರೆಡ್ ಬಿಟ್ಟರೆ ಇಂಟರ್ವಲ್ (ನಡುನಡುವೆ ವಿರಾಮ ಕೊಟ್ಟು ಜೋರು ಓಟ) ಓಡುವುದು ಯಾವುದರ ಮೇಲೆ? ಆ ವೇಗದಲ್ಲಿ ಸ್ನಾಯು ಮುಖ್ಯವಾಗಿ ಬಳಸುವುದೇ ಕಾರ್ಬೋಹೈಡ್ರೇಟ್. ದಿನಕ್ಕೆ ಒಂದು ಗಂಟೆಯಷ್ಟು ಪ್ರಾಕ್ಟೀಸ್ ಮಾಡುವವರಿಗೆ ದೇಹದ ಪ್ರತಿ ಕೆಜಿಗೆ 5ರಿಂದ 7 ಗ್ರಾಂ ಕಾರ್ಬೋಹೈಡ್ರೇಟ್ ಅನ್ನುವುದು ಸಾಮಾನ್ಯ ಸಲಹೆ. 55 ಕೆಜಿ ಇದ್ದರೆ 275 ಗ್ರಾಂನಿಂದ ಮೇಲೆ. ಅನ್ನ ಬಿಟ್ಟು ಅದು ಎಲ್ಲಿಂದ ಬರಬೇಕು?

ನಿನ್ನ ಹೊಟ್ಟೆಯ ಗೆರೆ ಸ್ಟಾಪ್‌ವಾಚ್‌ಗೆ ಕಾಣುವುದಿಲ್ಲ. ಮನೆಯಲ್ಲಿ ಹೇಳು, ನಿದ್ದೆ ಬಾರದ ವಿಷಯವನ್ನೂ ಹೇಳು.

ವೇಗದ ಹುಡುಗ

ಸರಿ ಅಣ್ಣ. ಪ್ರೋಟೀನ್ ಪೌಡರ್ ತಗೊಂಡ್ರೆ ಸಾಕಾಗಲ್ವಾ?

ಟ್ರ್ಯಾಕ್ ಪಕ್ಕದ ಅಪ್ಪ

ಪೌಡರ್ ಬೇಡ ಮಾರಾಯ. ಓಡುವವರಿಗೆ ದಿನಕ್ಕೆ ಪ್ರತಿ ಕೆಜಿಗೆ 1.2ರಿಂದ 2 ಗ್ರಾಂ ಪ್ರೋಟೀನ್ ಸಾಕು. ಹಾಲು, ಮೊಸರು, ಮೊಟ್ಟೆ, ಕಾಳು, ಮೀನು, ಮಾಂಸ ಯಾವುದು ತಿನ್ನುತ್ತೀಯೋ ಅದರಲ್ಲೇ ಸಿಗುತ್ತದೆ. ಡಬ್ಬದ ಮೇಲೆ ಬರೆದಿರುವುದೇ ಒಳಗೂ ಇರುತ್ತದೆ ಅಂತ ನಂಬುವ ಹಾಗಿಲ್ಲ. ನಿಷೇಧಿತ ವಸ್ತು ಬೆರೆತಿದ್ದ ಪೌಡರ್ ತಿಂದು ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಿದ್ದಾರೆ. ಗೊತ್ತಿಲ್ಲದೆ ತಿಂದೆ ಅಂದರೂ ಜವಾಬ್ದಾರಿ ಓಟಗಾರನದ್ದೇ.

ಸಂಜೆ ಓಟ

ಎನರ್ಜಿ ಡ್ರಿಂಕ್ ಬಗ್ಗೆಯೂ ಯಾರಾದರೂ ಹೇಳಿ. ನಮ್ಮ ಗುಂಪಿನ ಮಕ್ಕಳು ಓಟಕ್ಕೆ ಮುಂಚೆ ಅದನ್ನೇ ಕುಡಿಯುತ್ತಾರೆ.

ತಟ್ಟೆ ತುಂಬ

ಮಕ್ಕಳಿಗೆ ಎನರ್ಜಿ ಡ್ರಿಂಕ್ ಬೇಡವೇ ಬೇಡ, ಅದರಲ್ಲಿ ಕೆಫೀನ್ ಇರುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಒಂದು ಗಂಟೆಯ ಒಳಗಿನ ಓಟಕ್ಕೆ ನೀರು ಸಾಕು. ನೀರೂ ಅಷ್ಟೇ, ಬಾಯಾರಿಕೆಗೆ ತಕ್ಕಂತೆ ಕುಡಿಯಲಿ. ಒತ್ತಾಯದಿಂದ ಲೀಟರ್‌ಗಟ್ಟಲೆ ಕುಡಿಸಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗುತ್ತದೆ.

ಹೊಸ ಶೂ

ನನ್ನ ಪ್ರಶ್ನೆ ಸ್ವಲ್ಪ ಬೇರೆ. ಮಗನಿಗೆ 13. ಅವನ ತೂಕ ನಿಜವಾಗಲೂ ಜಾಸ್ತಿ ಇದೆ, ಡಾಕ್ಟರೇ ಹೇಳಿದ್ದಾರೆ. ಅದಕ್ಕೇ ಓಡಲು ಸೇರಿಸಿದ್ದು. ಇಲ್ಲಿ ಎಲ್ಲರೂ ತಿನ್ನಿಸಿ ಅನ್ನುತ್ತಿದ್ದೀರಿ. ನಾವು ಏನು ಮಾಡಬೇಕು?

ತಟ್ಟೆ ತುಂಬ

ಸರ್, ಮೊದಲು ಒಂದು ವಿಷಯ. ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಪಟ್ಟಿಯನ್ನು ಮಕ್ಕಳಿಗೆ ನೇರವಾಗಿ ಹಾಕುವ ಹಾಗಿಲ್ಲ. ವಯಸ್ಸು, ಹುಡುಗನೋ ಹುಡುಗಿಯೋ ಎಂಬುದರ ಮೇಲೆ ಬೆಳವಣಿಗೆಯ ನಕ್ಷೆಯಲ್ಲಿ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2007ರ ನಕ್ಷೆ 5ರಿಂದ 19 ವರ್ಷದವರಿಗೆಂದೇ ಇದೆ. ನಿಮ್ಮ ಡಾಕ್ಟರ್ ಹೀಗೆಯೇ ನೋಡಿರುತ್ತಾರೆ.

13ರ ಹುಡುಗ ಇನ್ನೂ ಉದ್ದ ಬೆಳೆಯಬೇಕು. ಎಷ್ಟೋ ಸಲ ತೂಕ ಇದ್ದಲ್ಲೇ ನಿಂತು ಎತ್ತರ ಬಂದರೆ ಸಾಕು. ಇಳಿಸಲೇಬೇಕು ಎಂದಾದರೆ ಅದು ಡಾಕ್ಟರ್ ಕಣ್ಣ ಮುಂದೆ ನಿಧಾನವಾಗಿ ಆಗಬೇಕು. ಮನೆಯಲ್ಲಿ ಮಾಡಬಹುದಾದದ್ದು: ಸಿಹಿ ಪಾನೀಯಗಳನ್ನು ತರುವುದನ್ನೇ ನಿಲ್ಲಿಸಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣಿ, ಫೋನ್ ನೋಡುತ್ತಾ ತಿನ್ನುವುದು ಬೇಡ, ನಿದ್ದೆ 8 ಗಂಟೆಗಿಂತ ಕಡಿಮೆ ಆಗದಿರಲಿ. ಅವನಿಗೊಬ್ಬನಿಗೇ ಬೇರೆ ತಟ್ಟೆ, ಬೇರೆ ನಿಯಮ ಮಾಡಬೇಡಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹದಿಹರೆಯದವರ ಬಗ್ಗೆ ಕೊಟ್ಟ ಸಲಹೆಯೂ ಇದೇ ದಿಕ್ಕಿನದು: ಡಯೆಟ್ ಮಾಡಿಸಬೇಡಿ, ಮನೆಯಲ್ಲಿ ತೂಕದ ಮಾತು ಎತ್ತಬೇಡಿ, ಒಟ್ಟಿಗೆ ಊಟ ಮಾಡಿ. ಬೊಜ್ಜಿಗೂ, ಊಟ ಬಿಡುವ ಕಾಯಿಲೆಗೂ ಒಂದೇ ಸಲಹೆ ಅನ್ನುವುದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ.

ಕೊನೆಯ ಸುತ್ತು

ತೂಕದ ಮಾತೇ ಎತ್ತಬಾರದು ಅಂದರೆ ಕೋಚ್ ಕೆಲಸ ಹೇಗೆ ಮಾಡಬೇಕು? ಪೂರ್ತಿ ಬೆಳೆದ, ವೃತ್ತಿಯಾಗಿ ಓಡುವವರು ಮುಖ್ಯ ಸ್ಪರ್ಧೆಗೆ ಮುನ್ನ ತಜ್ಞರ ಜೊತೆ ತೂಕ ಸರಿಮಾಡಿಕೊಳ್ಳುತ್ತಾರೆ. ಅದು ತಪ್ಪು ಅಂತೀರಾ?

ಸೀಟಿ

ನಾನು ಶಾಲಾ ಮಕ್ಕಳಿಗೆ ಓಟ ಕಲಿಸುತ್ತೇನೆ, ಹಾಗಾಗಿ ಇದಕ್ಕೆ ನಾನೇ ಉತ್ತರಿಸುತ್ತೇನೆ. ವೃತ್ತಿಪರರದ್ದು ಅವರಿಗೆ, ಅವರ ಹಿಂದೆ ಡಾಕ್ಟರ್, ಆಹಾರ ತಜ್ಞರು ಎಲ್ಲ ಇರುತ್ತಾರೆ. ನಮ್ಮ ಮುಂದೆ ನಿಂತಿರುವುದು ಬೆಳೆಯುವ ಮಕ್ಕಳು. ನನ್ನ ಮೈದಾನದಲ್ಲಿ ತೂಕದ ಮಷಿನ್ ಇಲ್ಲ. ನಾನು ಕೇಳುವುದು ಬೇರೆ: ನಿನ್ನೆ ಎಷ್ಟು ಹೊತ್ತು ಮಲಗಿದೆ, ಮಧ್ಯಾಹ್ನ ಏನು ತಿಂದೆ, ಎಲ್ಲಾದರೂ ನೋವಿದೆಯಾ. ಕೋಚ್ ಕೆಲಸಕ್ಕೆ ಇಷ್ಟು ಸಾಕು.

ಇನ್ನೊಂದು ವಿಷಯ ಇಲ್ಲಿ ಯಾರೂ ಹೇಳಲಿಲ್ಲ. ಹುಡುಗಿಯರು ದೊಡ್ಡವರಾಗುವಾಗ ಸೊಂಟ ಅಗಲವಾಗುತ್ತದೆ, ಮೈಯಲ್ಲಿ ಕೊಬ್ಬು ಸೇರುತ್ತದೆ, ಅದು ಸೇರಲೇಬೇಕು. ಆ ಒಂದೆರಡು ವರ್ಷ ಟೈಮಿಂಗ್ ನಿಂತಲ್ಲೇ ನಿಲ್ಲಬಹುದು, ಸ್ವಲ್ಪ ಹಿಂದೆಯೂ ಹೋಗಬಹುದು. ಆಗ ತಾಳ್ಮೆಯಿಂದ ಶಕ್ತಿ ಬೆಳೆಸಿದರೆ ಮತ್ತೆ ವೇಗ ಬರುತ್ತದೆ. ಆ ಹೊತ್ತಿಗೆ ಸರಿಯಾಗಿ "ದಪ್ಪ ಆದೆ" ಅಂತ ಒಬ್ಬ ದೊಡ್ಡವರು ಹೇಳಿಬಿಟ್ಟರೆ, ಎಷ್ಟೋ ಮಕ್ಕಳು ಅಲ್ಲಿಂದಲೇ ಊಟ ಬಿಡಲು ಶುರು ಮಾಡುತ್ತಾರೆ. 13ನೇ ವಯಸ್ಸಿನ ದೇಹವನ್ನು 16ಕ್ಕೂ ಇಟ್ಟುಕೊಳ್ಳಲು ಆಗುವುದಿಲ್ಲ.

ಕೊನೆಯ ಸುತ್ತು

ಬೆಳೆಯುವ ಮಕ್ಕಳಿಗೆ ಬೇರೆ ನಿಯಮ ಅನ್ನುವುದು ಒಪ್ಪುತ್ತೇನೆ. ವೃತ್ತಿಪರರ ವಿಷಯದಲ್ಲಿ ನನ್ನ ಮಾತು ಹಾಗೇ ಇರಲಿ.

ಸೀಟಿ

ಇರಲಿ ಬಿಡಿ. ಅದರ ಚರ್ಚೆ ಇಲ್ಲಿ ಬೇಡ.

ಸಂಜೆ ಓಟ

ಕಬ್ಬಿಣಾಂಶದ ಬಗ್ಗೆಯೂ ಯಾರೂ ಮಾತಾಡಿಲ್ಲ. ನನ್ನ ತಂಗಿಗೆ ಮೆಟ್ಟಿಲು ಹತ್ತಿದರೂ ಏದುಸಿರು. ಹಿಮೋಗ್ಲೋಬಿನ್ ಸರಿ ಇತ್ತು. ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ) ನೋಡಿದಾಗ ತೀರಾ ಕಡಿಮೆ. ಆಯಾಸ ಅನ್ನುವ ಮಕ್ಕಳನ್ನೆಲ್ಲ ಸೋಮಾರಿ ಅನ್ನಬೇಡಿ.

ಟ್ರ್ಯಾಕ್ ಪಕ್ಕದ ಅಪ್ಪ

ಹಾಗಾದರೆ ಎಲ್ಲ ಮಕ್ಕಳಿಗೂ ಐರನ್ ಮಾತ್ರೆ ಕೊಟ್ಟರಾಯಿತಲ್ಲ?

ತಟ್ಟೆ ತುಂಬ

ಬೇಡ. ರಕ್ತ ಪರೀಕ್ಷೆ ಇಲ್ಲದೆ ಐರನ್ ಮಾತ್ರೆ ಕೊಡಬಾರದು, ಕಬ್ಬಿಣಾಂಶ ಜಾಸ್ತಿಯಾದರೂ ತೊಂದರೆ. ಊಟದಲ್ಲಿ ಮಾಡಬಹುದಾದದ್ದು ಬಹಳ ಇದೆ. ಕಾಳು, ಸೊಪ್ಪಿನ ಜೊತೆ ನಿಂಬೆ, ಕಿತ್ತಳೆ, ಟೊಮೆಟೊ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಜೊತೆಗೇ ಟೀ, ಕಾಫಿ ಕುಡಿದರೆ ಕಡಿಮೆ, ಒಂದು ಗಂಟೆ ಅಂತರ ಇರಲಿ. ಅಮೆರಿಕದ ಶಿಫಾರಸಿನಲ್ಲಿ 14ರಿಂದ 18ರ ಹುಡುಗಿಯರಿಗೆ ದಿನಕ್ಕೆ 15 ಮಿ.ಗ್ರಾಂ ಕಬ್ಬಿಣಾಂಶ, ಹುಡುಗರಿಗೆ 11. ಕ್ಯಾಲ್ಸಿಯಂ ಇಬ್ಬರಿಗೂ 1300 ಮಿ.ಗ್ರಾಂ, ಅದು ದೊಡ್ಡವರಿಗಿಂತಲೂ ಜಾಸ್ತಿ. ಒಂದು ಲೋಟ ಹಾಲಿನಲ್ಲಿ ಸುಮಾರು 300 ಸಿಗುತ್ತದೆ.

ಬರಿಗಾಲು

ಊಟ ಬಿಟ್ಟಾಗಿನ ಮನಸ್ಸಿನ ಬಗ್ಗೆ ಒಂದು ಮಾತು. ಸದಾ ಊಟದ್ದೇ ಯೋಚನೆ ಮಾಡುವುದು ಹಸಿವಿನ ಲಕ್ಷಣ, ಮನಸ್ಸಿನ ದೌರ್ಬಲ್ಯ ಅಲ್ಲ. 1944ರ ಕೊನೆಯಿಂದ ಮಿನ್ನೆಸೋಟಾದಲ್ಲಿ 36 ಆರೋಗ್ಯವಂತ ಗಂಡಸರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ಪ್ರಯೋಗ ಮಾಡಿದ್ದರು. ದಿನಕ್ಕೆ 1500 ಕಿಲೊಕ್ಯಾಲೊರಿಗಿಂತ ಸ್ವಲ್ಪ ಜಾಸ್ತಿಯೇ ಸಿಗುತ್ತಿತ್ತು. ಆದರೂ ಅವರಿಗೆ ಹಗಲು ರಾತ್ರಿ ಊಟದ್ದೇ ಧ್ಯಾನ. ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಸಿಡುಕು, ಖಿನ್ನತೆ, ಒಬ್ಬರೇ ಇರುವುದು. ಮಗಳು ಸಿಡುಕಿದರೆ ಸೊಕ್ಕು ಅಂದುಕೊಳ್ಳಬೇಡಿ ಅಮ್ಮಾ.

ಟ್ರ್ಯಾಕ್ ಪಕ್ಕದ ಅಪ್ಪ

ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ಹೇಳುತ್ತೇನೆ. ಮಗಳ ದೊಡ್ಡ ತೊಂದರೆ ಇದ್ದದ್ದು ಮಧ್ಯಾಹ್ನದ ಊಟಕ್ಕೂ ಸಂಜೆ ಪ್ರಾಕ್ಟೀಸಿಗೂ ನಡುವಿನ ಅಂತರದಲ್ಲಿ. ಖಾಲಿ ಹೊಟ್ಟೆಯಲ್ಲಿ ಓಡಿ ಬಂದು, ಸುಸ್ತಾಗಿ ಊಟವೂ ಸೇರುತ್ತಿರಲಿಲ್ಲ. ಈಗ ಬ್ಯಾಗಿನಲ್ಲಿ ಬಾಳೆಹಣ್ಣು, ಬ್ರೆಡ್ ಇರುತ್ತದೆ, ಓಟಕ್ಕೆ ಒಂದು ಗಂಟೆ ಮುಂಚೆ ತಿನ್ನುತ್ತಾಳೆ. ಮುಗಿದ ಕೂಡಲೇ ಹಾಲು, ಮನೆಗೆ ಬಂದು ಪೂರ್ತಿ ಊಟ. ಗಟ್ಟಿ ಪ್ರಾಕ್ಟೀಸ್ ಇದ್ದ ದಿನ ತಟ್ಟೆಯಲ್ಲಿ ಅನ್ನ ಜಾಸ್ತಿ, ರಜೆಯ ದಿನ ಸ್ವಲ್ಪ ಕಡಿಮೆ, ಆದರೆ ಯಾವತ್ತೂ ಇಲ್ಲ ಅಂತಿಲ್ಲ. ಮನೆಯಲ್ಲಿ ಯಾರೂ ಕ್ಯಾಲೊರಿ ಎಣಿಸುವುದಿಲ್ಲ.

ಓಡುವ ಹುಡುಗಿಯ ಅಮ್ಮ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಡಾಕ್ಟರ್ ಹತ್ತಿರ ಹೋಗಿ ಬಂದೆವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ನೀವು ಹೇಳಿದ್ದರಿಂದ ಎಂಆರ್‌ಐ ಕೇಳಿದೆ. ಮೂಳೆಯಲ್ಲಿ ಒತ್ತಡದ ಗಾಯ ಶುರುವಾಗಿದೆ, ಬಿರುಕು ಬಿಟ್ಟಿಲ್ಲ. ಓಟ ಪೂರ್ತಿ ನಿಲ್ಲಿಸಿದ್ದಾರೆ. ಫೆರಿಟಿನ್ ಕಡಿಮೆ ಬಂದು ಮಾತ್ರೆ ಕೊಟ್ಟಿದ್ದಾರೆ. ಊಟದ ವಿಷಯ ಮಾತಾಡಲು ಒಬ್ಬ ಕೌನ್ಸೆಲರ್ ಹತ್ತಿರವೂ ಕಳಿಸಿದ್ದಾರೆ. ಓಟ ನಿಂತ ಮೇಲೆ ಊಟ ಇನ್ನೂ ಕಡಿಮೆ ಮಾಡಬೇಕು ಎಂದು ಅವಳ ವಾದ.

ತಟ್ಟೆ ತುಂಬ

ಇಲ್ಲ, ಮೂಳೆಯ ಗಾಯ ಮಾಗುವುದಕ್ಕೂ ಊಟ ಬೇಕು. ಅವಳಿಗೆ ಇದನ್ನು ಡಾಕ್ಟರ್ ಬಾಯಿಂದಲೇ ಹೇಳಿಸಿ, ಅಮ್ಮ ಹೇಳಿದರೆ ಈ ವಯಸ್ಸಿನಲ್ಲಿ ಕೇಳುವುದಿಲ್ಲ. ಮಷಿನ್ ಮನೆಯಿಂದ ಆಚೆ ಹಾಕಿ. ತೂಕ ನೋಡಬೇಕಿದ್ದರೆ ಕ್ಲಿನಿಕ್‌ನಲ್ಲಿ ನೋಡಲಿ, ಸಂಖ್ಯೆ ಅವಳಿಗೆ ಕಾಣದ ಹಾಗೆ.

ಸೀಟಿ

ಕೋಚ್ ಹತ್ತಿರ ಒಬ್ಬರೇ ಹೋಗಿ ಮಾತಾಡಿ, ಡಾಕ್ಟರ್ ಚೀಟಿ ಕೈಯಲ್ಲಿರಲಿ. ಜಗಳ ಬೇಡ. "ಇನ್ನು ಮುಂದೆ ಅವಳ ತೂಕದ ವಿಷಯ ಅವಳ ಮುಂದೆ ಎತ್ತಬೇಡಿ, ನನ್ನ ಹತ್ತಿರ ಹೇಳಿ" ಅಂದರೆ ಸಾಕು. ಒಪ್ಪದಿದ್ದರೆ ಕೋಚ್ ಬದಲಿಸಿ. ಮತ್ತೆ ಓಟ ಶುರುವಾಗುವಾಗ ಮೊದಲು ನಡಿಗೆ, ಆಮೇಲೆ ನಡಿಗೆಯ ನಡುವೆ ಒಂದೆರಡು ನಿಮಿಷದ ಓಟ. ನೋವು ಬಂದರೆ ಅವತ್ತಿಗೆ ನಿಲ್ಲಿಸಲಿ.

ವೇಗದ ಹುಡುಗ

ಅಮ್ಮಂಗೆ ಹೇಳಿದೆ. ಅನ್ನ ಮತ್ತೆ ಶುರು ಮಾಡಿದ್ದೀನಿ. ಭಾನುವಾರ ರೇಸ್ ಇದೆ, ಬೆಳಿಗ್ಗೆ 9ಕ್ಕೆ. ಎಷ್ಟೊತ್ತಿಗೆ ತಿನ್ನಬೇಕು?

ಹಳೇ ಸ್ಪೈಕ್ಸ್

6ರಿಂದ 6:30ರ ಒಳಗೆ. ನಿನಗೆ ಅಭ್ಯಾಸ ಇರುವ ತಿಂಡಿಯನ್ನೇ ತಿನ್ನು, ಎಣ್ಣೆ ಮತ್ತು ನಾರು ಕಡಿಮೆ ಇರಲಿ. ಹೊಸದೇನನ್ನೂ ಅವತ್ತು ಪ್ರಯತ್ನ ಮಾಡಬೇಡ. 8ಕ್ಕೆ ಹಸಿವಾದರೆ ಅರ್ಧ ಬಾಳೆಹಣ್ಣು. ಶನಿವಾರ ರಾತ್ರಿ ಊಟ ಬಿಡಬೇಡ.

ವೇಗದ ಹುಡುಗ

ಬಿಡಲ್ಲ ಅಣ್ಣ.